ಬ್ಲೇಸ್ ಪಾಸ್ಕಲನೂ ಆತನ ತಂಗಿಯೂ

ಫ್ರಾನ್ಸ್ ದೇಶದ ಕ್ಲೆರ್ಮೋಂ ಪಟ್ಟಣದಲ್ಲಿ 1623ನೆಯ ಇಸವಿ ಜೂನ್ 19ನೆಯ ತಾರೀಖು ಬ್ಲೇಸ್ ಪಾಸ್ಕಲನು ಜನಿಸಿದನು. ಆತನು ಮೂರು ವರುಷದವನಾಗಿರುವಾಗ ತಾಯಿಯು ತೀರಿಕೊಂಡಳು. ಅಂದಿನಿಂದ ಅಕ್ಕ ಗಿಲ್ಬೆರ್ತ್, ಬ್ಲೇಸ್, ತಂಗಿ ಜಾಕ್ಲೀನ್ ಈ ಮೂವರಿಗೂ ತಂದೆಯೇ ಗುರುವಾದನು. ತೆರಿಗೆಯ ಲೆಕ್ಕಗಳಲ್ಲಿ ಬಳಲುತ್ತಿದ್ದ ತಂದೆಗೆ ನೆರವಾಗಲೆಂದು ಮಗನು 1642ರಲ್ಲಿ ಗಾಲಿಗಳನ್ನು ತಿರುಗಿಸಿ ಕೂಡುವ, ಕಳೆಯುವ ಯಂತ್ರವೊಂದನ್ನು ನಿರ್ಮಿಸಲಾರಂಭಿಸಿದನು. 1648ರಲ್ಲಿ ಆತನ ಸೂಚನೆಯ ಮೇರೆಗೆ ಭಾವನು ಪ್ಯುಯಿ ದ ದೋಮ್ ಬೆಟ್ಟದ ತುದಿಯಲ್ಲಿ ನಳಿಗೆಯ ಪಾದರಸವನ್ನು ಅಳೆದು ನೋಡಲು, ಬುಡದಲ್ಲಿದ್ದುದಕ್ಕಿಂತ ಸುಮಾರು ಮೂರು ಅಂಗುಲ ತಗ್ಗಿತ್ತು. ಗಾಳಿಗೂ ಭಾರವುಂಟೆಂಬುದು ಇದರಿಂದ ಸ್ಥಿರಪಟ್ಟಿತು.

ಇಷ್ಟು ಬಲ್ಲ ಪಾಸ್ಕಲನು ಮನೆಯೊಳಗಣ ಒಂದು ಪರೀಕ್ಷೆಯಲ್ಲಿ ಎಡವಿದನು. 1651ರಲ್ಲಿ ತಂದೆಯು ಮೃತನಾಗಲು ಜಾಕ್ಲೀನಳು ಪೋರ್ ರಾಯಲ್ ಮಠವನ್ನು ಸೇರಲು ನಿಶ್ಚಯಿಸಿದಳು. ರೋಗಿಷ್ಠನಾದ ಅಣ್ಣನಿಗೆ ಆಕೆಯೇ ಆಸರೆ. ಆತನು ತಡೆದನು, ಆಕೆಯ ಪಾಲಿನ ಹಣವನ್ನು ಮಠಕ್ಕೆ ಕೊಡಲೂ ಹಿಂಜರಿದನು. ಆದಾಗ್ಯೂ ಆಕೆಯು 1652ರ ಜನವರಿಯಲ್ಲಿ ಹೊರಟೇ ಹೋದಳು. ಮರುವರುಷ ಆತನು ಮಣಿದನು. ತನ್ನ ಅನುಕೂಲವನ್ನೇ ಪ್ರೀತಿಯೆಂದು ಕರೆಯುವ ಗುಣವು ಮೇಧಾವಿಗಳನ್ನೂ ಬಿಡದು.

1654ನೆಯ ನವೆಂಬರ್ 23ನೆಯ ರಾತ್ರಿ ಹತ್ತೂವರೆಯಿಂದ ಸುಮಾರು ಹನ್ನೆರಡೂವರೆಯವರೆಗೆ ದೇವಸಾನ್ನಿಧ್ಯದ ಮಹಾನುಭವವೊಂದು ಆತನಿಗುಂಟಾಯಿತು. ಅದನ್ನು ಬರೆದಿಟ್ಟ ಹಾಳೆಯನ್ನು ಅಂಗಿಯೊಳಗೆ ಹೊಲಿದುಕೊಂಡು ಧರಿಸುತ್ತಿದ್ದನು. ಆತನು ತೀರಿಹೋದ ಮೇಲೆಯೇ ಅದು ಇತರರ ಕಣ್ಣಿಗೆ ಬಿದ್ದಿತು.

ಮನುಷ್ಯಸ್ವಭಾವದ ಕುರಿತು ಆತನ ಮತವೇನು? ಎಪಿಕ್ಟೀಟಸನು ಮನುಷ್ಯನ ಹಿರಿಮೆಯನ್ನು ಮಾತ್ರ ಕಂಡು ಗರ್ವಕ್ಕೆ ದಾರಿ ತೋರಿದನು. ಮೊಂತೇನನು ದೌರ್ಬಲ್ಯವನ್ನು ಮಾತ್ರ ಕಂಡು ಆಲಸ್ಯಕ್ಕೆ ಎಡೆಕೊಟ್ಟನು. ಪಾಸ್ಕಲನಾದರೋ ಎರಡೂ ಒಬ್ಬನಲ್ಲಿಯೇ ಇವೆಯೆಂದನು. ತಾನು ದುಃಖಿಯೆಂದು ಅರಿಯಬಲ್ಲುದರಲ್ಲಿಯೇ ಮನುಷ್ಯನ ಹಿರಿಮೆಯನ್ನು ಕಂಡನು; ಮರಕ್ಕೆ ಆ ಅರಿವಿಲ್ಲ. ಜನರು ಬೇಟೆ, ಜೂಜು, ಯುದ್ಧಗಳಿಗೆ ಓಡುವುದೂ ಕೋಣೆಯಲ್ಲಿ ತಮ್ಮೊಡನೆ ತಾವೇ ಇರಲಾರದೆ ಎಂದು ಆತನು ಬಗೆದನು. ದೇಹ, ಬುದ್ಧಿ, ದೈವಿಕ ಪ್ರೀತಿ ಎಂಬ ಮೂರು ಅಂತಸ್ತುಗಳನ್ನು ಹೇಳಿ, ಸಕಲ ದೇಹಗಳು ಕೂಡಿದರೂ ಒಂದು ಆಲೋಚನೆ ಹುಟ್ಟದಂತೆಯೇ, ಸಕಲ ಬುದ್ಧಿಗಳು ಕೂಡಿದರೂ ಆ ಪ್ರೀತಿಯ ಒಂದು ಕಣವೂ ಹುಟ್ಟದೆಂದು ವಾದಿಸಿದನು. ಯಂತ್ರವನ್ನು ಕಟ್ಟಿದ ಕೈಯೇ ಇದನ್ನು ಬರೆಯಿತೆಂಬುದು ಗಮನಾರ್ಹ.

ಕೊನೆಯ ವರುಷಗಳಲ್ಲಿ ಆತನು ತನ್ನ ದೇಹವನ್ನು ಮಿತಿಮೀರಿ ದಂಡಿಸಿದನೆಂದೇ ನಮಗೆ ತೋರುತ್ತದೆ. ತಮ್ಮನಲ್ಲಿ ಮಮತೆಯು ಸಾಲದೆಂದು ಗಿಲ್ಬೆರ್ತಳು ಕೊರಗುತ್ತಿದ್ದಳು. ಸಾಯಲಿರುವ ತನ್ನಲ್ಲಿ ಯಾರನ್ನೂ ಅಂಟಿಸಿಕೊಳ್ಳುವುದು ಅನ್ಯಾಯವೆಂದು ಆತನು ಬರೆದಿಟ್ಟುಕೊಂಡಿದ್ದ ಚೀಟಿಯು ಆಕೆಗೆ ತಿಳಿದುಬಂದದ್ದು ಬಹಳ ತಡವಾಗಿ.

ಜಾಕ್ಲೀನಳು ಮಠದಲ್ಲಿ ಬಾಲಕಿಯರ ಶಿಕ್ಷಣವನ್ನು ವಹಿಸಿಕೊಂಡಿದ್ದಳು. ಮನಸ್ಸಾಕ್ಷಿಗೆ ವಿರೋಧವಾದ ಪತ್ರಕ್ಕೆ ಸಹಿ ಹಾಕಬೇಕಾಗಿ ಬಂದ ವ್ಯಥೆಯ ಬೆನ್ನಿಗೆ, 1661ನೆಯ ಅಕ್ಟೋಬರ್ 4ರಂದು ಮೃತಳಾದಳು. ಅಣ್ಣನು 1662ರ ಮಾರ್ಚಿಯಲ್ಲಿ ಪ್ಯಾರಿಸಿನ ಬೀದಿಗಳಲ್ಲಿ ಐದು ಸೋಲು ಬಾಡಿಗೆಯ ಸಾರ್ವಜನಿಕ ಬಂಡಿಗಳನ್ನು ಓಡಿಸುವುದರಲ್ಲಿ ಪಾಲುಗೊಂಡು, ಅದರ ಹಣವನ್ನು ಬ್ಲೋವಾ ಪ್ರಾಂತದ ಬಡವರಿಗೆ ಕಳುಹಿಸಲು ಹಾತೊರೆದನು. ಅದೇ ಆಗಸ್ಟ್ 19ರಂದು, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಆತನು ದೈವಾಧೀನನಾದನು. ಬಿಡಿ ಚೀಟಿಗಳಲ್ಲಿ ಉಳಿದ ಆತನ ಚಿಂತನೆಗಳು 1670ರಲ್ಲಿ ಅಚ್ಚಾದವು. ಮಕ್ಕಳ ಪಾಲನೆಗಾಗಿ ತಂಗಿಯು ಬರೆದ ನಿಯಮಗಳು ಅದಕ್ಕೂ ಐದು ವರುಷ ಮೊದಲೇ ಅಚ್ಚಾಗಿದ್ದವು.