ಘಟ್ಟದ ಕೆಳಗಿನ ಕಲೆಕ್ಟರ್ ಮತ್ತು ಗಾಳದ ರೀಲು

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಬೇಸಿಗೆ ಬಂತೆಂದರೆ ಕೆರೆಬೇಟೆಯ ಸುದ್ದಿ. ನೀರು ಇಳಿದ ಕೆರೆಗೆ ಬಿದಿರಿನ ಕೂಣಿ ಹಿಡಿದ ನೂರಾರು ಜನ ಒಮ್ಮೆಲೇ ಇಳಿಯುವ ದೃಶ್ಯವನ್ನು ಕಂಡವರು ಮರೆಯಲಾರರು. ಅದೇ ಊರುಗಳ ಯುವಕರು ಈಗ ರಜೆಯಲ್ಲಿ ಘಟ್ಟ ಇಳಿದು ಹೊನ್ನಾವರ, ಮುರುಡೇಶ್ವರ, ಭಟ್ಕಳದ ಬಂಡೆಗಳ ಮೇಲೆ ನಿಂತು ಸಮುದ್ರಕ್ಕೆ ಗಾಳ ಎಸೆಯುವುದುಂಟು. ಯಾವ ರೀಲು ಕೊಳ್ಳಬೇಕು ಎಂಬುದು ಅವರ ಮೊದಲ ಪ್ರಶ್ನೆ. ಈ ಪ್ರಶ್ನೆಯನ್ನು ನೂರೈವತ್ತು ವರ್ಷಗಳ ಹಿಂದೆಯೇ ಗಂಭೀರವಾಗಿ ಪರಿಗಣಿಸಿ, ನಮ್ಮದೇ ಕರಾವಳಿಯಲ್ಲಿ ಕುಳಿತು ಪುಸ್ತಕ ಬರೆದವರು ಹೆನ್ರಿ ಸಲಿವನ್ ಥಾಮಸ್.

ಥಾಮಸ್ ಮದರಾಸು ಸಿವಿಲ್ ಸರ್ವಿಸ್‌ಗೆ ಸೇರಿದ ಆಂಗ್ಲ ಅಧಿಕಾರಿ. 1862ರಲ್ಲಿ ಕೆನರಾದ ಉತ್ತರದ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಆ ದಕ್ಷಿಣ ಕನ್ನಡಕ್ಕೆ ಥಾಮಸ್ ಕಲೆಕ್ಟರ್ ಆಗಿ ಬಂದರು. ಕಂದಾಯ, ನ್ಯಾಯ, ರಸ್ತೆ, ಸೇತುವೆ ಇವೆಲ್ಲವೂ ಕಲೆಕ್ಟರನ ಹೊಣೆಯಾಗಿದ್ದ ಕಾಲ ಅದು. ಆದರೆ ಪ್ರವಾಸಕ್ಕೆ ಹೊರಟ ಈ ಅಧಿಕಾರಿಯ ಕಣ್ಣು ಕಡತಗಳಿಗಿಂತ ಹೆಚ್ಚಾಗಿ ನೀರಿನ ಮೇಲೆ ನೆಟ್ಟಿರುತ್ತಿತ್ತು. ನೇತ್ರಾವತಿ ಮತ್ತು ಅದರ ಉಪನದಿಗಳಂಥ ಘಟ್ಟದ ಹೊಳೆಗಳಲ್ಲಿ ಅವರು ಗಾಳ ಹಾಕಿದರು, ಮೀನಿನ ನಡವಳಿಕೆಯನ್ನು ಅಭ್ಯಸಿಸಿದರು, ಸಿಕ್ಕ ಮಾದರಿಗಳನ್ನು ವಿದ್ವಾಂಸರಿಗೆ ತಲುಪಿಸಿದರು.

ಆ ವಿದ್ವಾಂಸರಲ್ಲಿ ಮುಖ್ಯರು ಫ್ರಾನ್ಸಿಸ್ ಡೇ. ವೃತ್ತಿಯಿಂದ ಸೇನಾ ವೈದ್ಯರಾದ ಡೇ ಭಾರತದ ಮೀನುಗಳ ಕುರಿತು ಬರೆದ ಬೃಹತ್ ಗ್ರಂಥ 1875ರಿಂದ 1878ರ ನಡುವೆ ಹೊರಬಂದಿತು. ಅದಕ್ಕೂ ಮುನ್ನ, 1874ರಲ್ಲಿ, ದಕ್ಷಿಣ ಕನ್ನಡದ ಒಂದು ಮೀನಿಗೆ ಅವರು ಥಾಮಸ್ ಅವರ ಹೆಸರನ್ನೇ ಇಟ್ಟರು. ವಿಜ್ಞಾನಿಗಳು ಇಂದು ಹಿಪ್ಸೆಲೊಬಾರ್ಬಸ್ ಥಾಮಸ್ಸಿ ಎಂದು ಕರೆಯುವ ಮೀನು ಇದೇ. ಕಲೆಕ್ಟರುಗಳ ಹೆಸರು ರಸ್ತೆಗೋ ಪೇಟೆಗೋ ಅಂಟಿಕೊಳ್ಳುವುದು ವಾಡಿಕೆ. ಥಾಮಸ್ ಅವರ ಹೆಸರು ಹೊಳೆಯಲ್ಲಿ ಈಜುವ ಜೀವಿಯೊಂದಕ್ಕೆ ಅಂಟಿತು.

1873ರಲ್ಲಿ ಅವರ 'ದಿ ರಾಡ್ ಇನ್ ಇಂಡಿಯಾ' ಪ್ರಕಟವಾಯಿತು. ಅದು ಹೊರಬಂದದ್ದು ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಎಂಬುದು ಕನ್ನಡಿಗರಿಗೆ ಕುತೂಹಲದ ಸಂಗತಿ. ಮುಂದೆ 1894ರಲ್ಲಿ ಕಿಟೆಲರ ಕನ್ನಡ ನಿಘಂಟನ್ನು ಹೊರತಂದ ಸಂಸ್ಥೆಯೂ ಇದೇ. ಥಾಮಸ್ ಅವರ ಪುಸ್ತಕ 1881ರಲ್ಲಿ ಎರಡನೆಯ, 1897ರಲ್ಲಿ ಮೂರನೆಯ ಆವೃತ್ತಿ ಕಂಡಿತು. ನಡುವೆ 1887ರಲ್ಲಿ ಕೆರೆಗಳಲ್ಲಿ ಗಾಳ ಹಾಕುವ ವಿಧಾನದ ಬಗ್ಗೆಯೇ 'ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ' ಎಂಬ ಪ್ರತ್ಯೇಕ ಪುಸ್ತಕವನ್ನು ಬರೆದರು. ಕೆರೆಗಳ ಸೀಮೆಯಾದ ಶಿಕಾರಿಪುರ, ಸೊರಬಗಳು ಅಂದು ಮೈಸೂರಿಗೆ ಸೇರಿದ್ದು ಅವರ ಆಡಳಿತದ ಹೊರಗಿದ್ದವು. ಆದರೂ ಈ ಎರಡನೆಯ ಪುಸ್ತಕದ ವಿಷಯ ನಮ್ಮ ಊರುಗಳಿಗೆ ಪರಕೀಯವಲ್ಲ.

ಥಾಮಸ್ ಅವರನ್ನು ಸೆರೆಹಿಡಿದ ಮೀನು ಮಹಶೀರ್. ಇಂಗ್ಲೆಂಡಿನ ಗಾಳಗಾರರು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದ ಸಾಲ್ಮನ್‌ಗಿಂತಲೂ ಇದು ಬಲಶಾಲಿ ಎಂಬ ಅಭಿಪ್ರಾಯವನ್ನು ಅವರು ದಿಟ್ಟವಾಗಿ ಮುಂದಿಟ್ಟರು. ಅದಕ್ಕೆ ಕಾರಣಗಳನ್ನೂ ಕೊಟ್ಟರು. ಮಹಶೀರ್‌ನ ತುಟಿಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿದೆ. ಬಾಯಿ ಮುಚ್ಚುವ ಬಲ ಅಪಾರವಾದುದರಿಂದ ದುರ್ಬಲ ಕೊಕ್ಕೆ ಅದರ ಬಾಯಲ್ಲಿ ನುಚ್ಚುನೂರಾಗುತ್ತದೆ. ಕೊಕ್ಕೆ ತಾಗಿದ ಕೂಡಲೇ ಅದು ಹೊಳೆಯ ಸೆಳವಿನೊಂದಿಗೆ ಓಡುವ ಮೊದಲ ಓಟವೇ ಅತ್ಯಂತ ಪ್ರಬಲ. ಆದ್ದರಿಂದ ಗಾಳಗಾರನ ಬಳಿ ಸಾಕಷ್ಟು ದಾರವಿರಬೇಕು, ಅದನ್ನು ತಡೆಯಿಲ್ಲದೆ ಬಿಟ್ಟುಕೊಡುವ ರೀಲು ಇರಬೇಕು, ಪ್ರತಿಯೊಂದು ಗಂಟೂ ಕೊಕ್ಕೆಯೂ ನಂಬಿಕೆಗೆ ಅರ್ಹವಾಗಿರಬೇಕು.

ಆ ಕಾಲದ ರೀಲುಗಳು ಹಿತ್ತಾಳೆ ಅಥವಾ ಮರದ ತಿರುಗುವ ಚಕ್ರಗಳು. ದಾರ ಎಸೆದಾಗ ಚಕ್ರವೂ ತಿರುಗುತ್ತಿತ್ತು. ದಾರದ ವೇಗ ತಗ್ಗಿದರೂ ಚಕ್ರ ನಿಲ್ಲದಿದ್ದರೆ ಎಲ್ಲವೂ ಸಿಕ್ಕಾಗಿ ಹಕ್ಕಿಯ ಗೂಡಿನಂತಾಗುತ್ತಿತ್ತು. ಈ ತೊಡಕಿಗೆ ಮೊದಲು ಪರಿಹಾರ ಹುಡುಕಿದವರಲ್ಲಿ ಸ್ಕಾಟ್ಲೆಂಡಿನ ಪರ್ತ್ ಪಟ್ಟಣದ ಪೀಟರ್ ಮಾಲಕ್ ಒಬ್ಬರು. 1884ರಲ್ಲಿ ಅವರು ಎಸೆಯುವ ಹೊತ್ತಿಗೆ ಪಕ್ಕಕ್ಕೆ ತಿರುಗಿಸಿಕೊಳ್ಳಬಹುದಾದ ರೀಲಿಗೆ ಪೇಟೆಂಟ್ ಪಡೆದರು. ಥಾಮಸ್ ಅವರ ಮೂರನೆಯ ಆವೃತ್ತಿ ಬಂದ ಎಂಟು ವರ್ಷಗಳ ಬಳಿಕ, 1905ರಲ್ಲಿ, ಬ್ರಾಡ್‌ಫರ್ಡಿನ ಉಣ್ಣೆ ಗಿರಣಿಯ ಒಡೆಯ ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್ ಸುರುಳಿ ತಿರುಗದೆಯೇ ನಿಂತಿರುವ ರೀಲನ್ನು ರೂಪಿಸಿದರು. ನೂಲಿನ ಗಿರಣಿಯಲ್ಲಿ ಕಂಡಿಕೆಯ ತುದಿಯಿಂದ ನೂಲು ಸಡಿಲವಾಗಿ ಬಿಚ್ಚಿಕೊಳ್ಳುವುದೇ ಇದರ ಹಿಂದಿನ ಕಲ್ಪನೆ. ಇಂದು ಸ್ಪಿನ್ನಿಂಗ್ ರೀಲು ಎಂದು ಮಾರುವುದೆಲ್ಲ ಇದರ ಸಂತತಿ.

ಸಮುದ್ರದ ದಡದಲ್ಲಿ ನಿಲ್ಲುವ ಇಂದಿನವನು ಥಾಮಸ್ ಅವರ ಮೂರು ನಿಯಮಗಳನ್ನೇ ಹೊಸ ಮಾತಿನಲ್ಲಿ ಅನುಸರಿಸುತ್ತಾನೆ. ಮೊದಲನೆಯದು ದಾರದ ಸಾಮರ್ಥ್ಯ. ಬಂಡೆಯ ಮೇಲಿನಿಂದ ಕೊಕ್ಕರದಂಥ ವೇಗದ ಮೀನಿಗೆ 4000ದಿಂದ 6000 ಅಳತೆಯ ರೀಲು, ಅದರಲ್ಲಿ 200ರಿಂದ 300 ಮೀಟರ್ ಹೆಣೆದ ದಾರ ಸಾಮಾನ್ಯವಾಗಿ ಸಾಕು. ಅಳಿವೆಯಲ್ಲಿ ಕಾಣೆಯಂಥ ಸಣ್ಣ ಮೀನಿಗೆ ಇದಕ್ಕಿಂತ ಚಿಕ್ಕದು ಸಾಲುತ್ತದೆ. ಎರಡನೆಯದು ಡ್ರ್ಯಾಗ್, ಅಂದರೆ ದಾರ ಬಿಟ್ಟುಕೊಡುವ ತಡೆ. ಪೆಟ್ಟಿಗೆಯ ಮೇಲೆ ಬರೆದ ಗರಿಷ್ಠ ಕಿಲೋಗಿಂತ ಅದು ಜರ್ಕು ಹೊಡೆಯದೆ ನುಣುಪಾಗಿ ಜಾರುವುದೇ ಮುಖ್ಯ. ದಾರ ತುಂಡಾಗುವ ಭಾರದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟಕ್ಕೆ ತಡೆಯನ್ನು ಹೊಂದಿಸಿಕೊಳ್ಳುವುದು ವಾಡಿಕೆ. ಮೂರನೆಯದು ಬಾಳಿಕೆ. ಉಪ್ಪು ನೀರು ಎಲ್ಲವನ್ನೂ ತಿನ್ನುತ್ತದೆ. ಮೆಗ್ನೀಶಿಯಂ ಮೈಯ ರೀಲು ಹಗುರ, ಆದರೆ ಬಣ್ಣ ಕಿತ್ತರೆ ಬೇಗ ಸವೆಯುತ್ತದೆ. ಅಲ್ಯೂಮಿನಿಯಂ ಮೈ, ತುಕ್ಕು ಹಿಡಿಯದ ಬೇರಿಂಗು, ನೀರು ಒಳಸೇರದ ಮುಚ್ಚಿಗೆ ಇರುವುದನ್ನು ಆರಿಸುವುದು ಜಾಣತನ. ಮನೆಗೆ ಬಂದೊಡನೆ ಡ್ರ್ಯಾಗನ್ನು ಬಿಗಿಮಾಡಿ, ಸಿಹಿನೀರನ್ನು ಮೆಲ್ಲಗೆ ಹರಿಸಿ ತೊಳೆದು ಒಣಗಿಸಬೇಕು. ರೀಲನ್ನು ಬಕೆಟ್ಟಿನಲ್ಲಿ ಮುಳುಗಿಸಿದರೆ ಉಪ್ಪು ಒಳಕ್ಕೆ ಹೋಗುತ್ತದೆ. ಒಣಗಿದ ಬಳಿಕ ಬಿಗಿಯನ್ನು ಸಡಿಲಿಸಿಡಬೇಕು.

ಆದರೆ ಥಾಮಸ್ ಅವರನ್ನು ಬರಿಯ ವಿನೋದಪ್ರಿಯರೆಂದು ತಿಳಿದರೆ ತಪ್ಪಾದೀತು. ತಾವು ಹಿಡಿಯುವ ಮೀನು ಕಡಿಮೆಯಾಗುತ್ತಿರುವುದನ್ನು ಅವರು ಬೇಗನೆ ಗುರುತಿಸಿದರು. 1870ರಲ್ಲಿ ದಕ್ಷಿಣ ಕನ್ನಡದ ಮೀನು ಕೃಷಿಯ ಕುರಿತು ಸರ್ಕಾರಕ್ಕೆ ವರದಿ ಬರೆದರು. ಹೊಳೆಗೆ ವಿಷ ಬೆರೆಸುವುದು, ಮರಿಗಳೂ ತಪ್ಪಿಸಿಕೊಳ್ಳಲಾಗದಷ್ಟು ಸಣ್ಣ ಕಣ್ಣಿನ ಬಲೆ ಇವುಗಳ ವಿರುದ್ಧ ಅವರ ವಾದ ನಿಂತಿತು. ಇಂಥ ವಾದಗಳು ಬೆಳೆದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಬಂತು. ನೀರಿಗೆ ಸಿಡಿಮದ್ದು ಹಾಗೂ ವಿಷ ಹಾಕಿ ಮೀನು ಕೊಲ್ಲುವುದು ಆಗ ಅಪರಾಧವಾಯಿತು.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಊರ ಜನರ ಬಲೆಯ ಬಗ್ಗೆ ಕಟುವಾಗಿ ಬರೆದ ಅಧಿಕಾರಿ ವರ್ಗ, ತಮ್ಮದೇ ಸರ್ಕಾರ ನದಿಗಳಿಗೆ ಕಟ್ಟುತ್ತಿದ್ದ ಅಣೆಕಟ್ಟುಗಳು ಮೊಟ್ಟೆಯಿಡಲು ಮೇಲೇರುವ ಮೀನಿನ ದಾರಿಯನ್ನು ಮುಚ್ಚುತ್ತಿವೆ ಎಂಬುದನ್ನು ಅಷ್ಟೇ ಕಟುವಾಗಿ ಎದುರಿಸಲಿಲ್ಲ. ಗಾಳ ಹಿಡಿದವನಿಗೆ ಮೀನು ವಿನೋದ. ಹೊಳೆಯಂಚಿನ ಬಡವನಿಗೆ ಅದು ಊಟ. ನಮ್ಮ ಕೆರೆಬೇಟೆಯನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಅಲ್ಲಿ ಕೆರೆ ತಳ ಕಾಣುವವರೆಗೆ ಕಾಯುತ್ತಾರೆ, ಒಂದು ದಿನ ಎಲ್ಲರೂ ಸೇರಿ ಹಿಡಿಯುತ್ತಾರೆ, ಮಳೆ ಬಂದ ಮೇಲೆ ಕೆರೆ ಮತ್ತೆ ತುಂಬುತ್ತದೆ. ಅದು ವಿಷ ಬೆರೆಸುವ ಕಳ್ಳತನದ ಜಾತಿಯದಲ್ಲ.

ಥಾಮಸ್ ಭಯಪಟ್ಟದ್ದು ಸುಳ್ಳಾಗಲಿಲ್ಲ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ದೇವರ ಮೀನುಗಳಿಗೆ 1996ರಲ್ಲಿ ದುಷ್ಕರ್ಮಿಗಳು ವಿಷ ಹಾಕಿದರು. ಸತ್ತ ಮೀನುಗಳಿಗೆ ಅಲ್ಲಿ ಸ್ಮಾರಕವೇ ಇದೆ. ಕಾವೇರಿಯ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ಅತಿ ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಕಾಯ್ದೆ ಮಾಡಿಸಲಾಗದ ಕೆಲಸವನ್ನು ಶೃಂಗೇರಿಯ ತುಂಗೆಯಲ್ಲೂ ಶಿಶಿಲದಲ್ಲೂ ಭಕ್ತಿ ಮಾಡಿದೆ: ದೇವಸ್ಥಾನದ ಮುಂದಿನ ಮಡುವಿನಲ್ಲಿ ಮೀನು ಇಂದಿಗೂ ನಿರ್ಭಯವಾಗಿ ಈಜುತ್ತಿದೆ.

ಥಾಮಸ್ ದಕ್ಷಿಣ ಕನ್ನಡವನ್ನು ಬಿಟ್ಟು ಮುಂದೆ ಉನ್ನತ ಹುದ್ದೆಗಳಿಗೆ ಏರಿದರು. ಹುದ್ದೆ ಮರೆತುಹೋಯಿತು, ಪುಸ್ತಕ ಉಳಿಯಿತು. ಮುರುಡೇಶ್ವರದ ಬಂಡೆಗೆ ಹೊರಟ ಸೊರಬದ ಹುಡುಗ ಒಳ್ಳೆಯ ರೀಲನ್ನೇ ಕೊಳ್ಳಲಿ. ಚಿಕ್ಕ ಮೀನು ಬಿದ್ದರೆ ಒದ್ದೆ ಕೈಯಿಂದ ಹಿಡಿದು, ಕೊಕ್ಕೆ ಬಿಡಿಸಿ, ಮತ್ತೆ ನೀರಿಗೆ ಬಿಡುವುದನ್ನೂ ಕಲಿಯಲಿ. ಮಂಗಳೂರಿನ ಆ ಕಲೆಕ್ಟರ್ ಬರೆದಿಟ್ಟದ್ದರಲ್ಲಿ ಇಂದಿಗೆ ಬೇಕಾದದ್ದು ಇವೆರಡೂ ಹೌದು.