ವಿಮರ್ಶಕರು ಉಗಿದ ಲೆನನ್ ಆಲ್ಬಂ

ಜಾನ್ ಲೆನನ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ‘ಇಮ್ಯಾಜಿನ್’. ಒಲಿಂಪಿಕ್ಸ್‌ನಲ್ಲೂ ಅದನ್ನೇ ಹಾಡ್ತಾರೆ. ದೇಶ, ಆಸ್ತಿ ಯಾವುದೂ ಇಲ್ಲದ ಲೋಕದ ಆ ಹಾಡಿನಿಂದ ಈಗ ಯಾರಿಗೂ ನೋವಾಗಲ್ಲ. ನನಗೆ ಇಷ್ಟದ ಲೆನನ್ ಇರೋದು ಅದರ ಮರುವರ್ಷ, 1972ರ ಜೂನ್‌ನಲ್ಲಿ, ಯೋಕೋ ಓನೋ ಜೊತೆ ತಂದ ‘ಸಮ್ ಟೈಮ್ ಇನ್ ನ್ಯೂಯಾರ್ಕ್ ಸಿಟಿ’ ಆಲ್ಬಂನಲ್ಲಿ. ವಿಮರ್ಶಕರು ಅದನ್ನು ಚೆನ್ನಾಗಿಯೇ ಉಗಿದರು. ಅಮೆರಿಕದ ಪಟ್ಟಿಯಲ್ಲಿ ಅದು 48ನೇ ಸ್ಥಾನ ದಾಟಲಿಲ್ಲ.

1940ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಲೆನನ್‌ನನ್ನು ಸಾಕಿದ್ದು ದೊಡ್ಡಮ್ಮ ಮಿಮಿ. ಅವನಿಗೆ 17 ವರ್ಷವಿದ್ದಾಗ ತಾಯಿ ಜೂಲಿಯಾ ಕಾರು ಗುದ್ದಿ ತೀರಿಕೊಂಡರು. ಕಾರು ಓಡಿಸುತ್ತಿದ್ದವನು ರಜೆಯಲ್ಲಿದ್ದ ಪೊಲೀಸ್. ಬೀಟಲ್ಸ್ ಕತೆ ಗೊತ್ತಿರೋದೇ, ಬಿಡಿ. 1969ರಲ್ಲಿ ರಾಣಿಯಿಂದ ಬಂದಿದ್ದ ಎಂಬಿಇ ಪದಕವನ್ನು ವಾಪಸ್ ಕಳಿಸಿದ. ವಿಯೆಟ್ನಾಂ ಯುದ್ಧಕ್ಕೆ ಬ್ರಿಟನ್ ಕೊಟ್ಟ ಬೆಂಬಲ ಅದಕ್ಕೊಂದು ಕಾರಣ. 1971ರಲ್ಲಿ ನ್ಯೂಯಾರ್ಕ್ ಸೇರಿದ.

ಈ ಆಲ್ಬಂನ ಹೊದಿಕೆಯೇ ಪತ್ರಿಕೆಯ ಮುಖಪುಟದ ಥರ. ಒಳಗಿರೋದೂ ಅಂದಿನ ಸುದ್ದಿಗಳೇ: ಅಟಿಕಾ ಜೈಲಿನ ದಂಗೆ, ಉತ್ತರ ಐರ್ಲೆಂಡಿನ ಡೆರಿಯಲ್ಲಿ ಸೈನಿಕರು ಹೊಡೆದ ಗುಂಡು, ಏಂಜೆಲಾ ಡೇವಿಸ್ ಬಂಧನ. ಇವತ್ತಿನ ಪತ್ರಿಕೆ ನಾಳೆ ಬೋಂಡ ಕಟ್ಟೋಕೆ ಅನ್ನೋದು ವಿಮರ್ಶಕರ ತಕರಾರಿನ ಸಾರ. ಕೆಲವು ಸಾಲು ಭಿತ್ತಿಪತ್ರದಷ್ಟೇ ಒರಟು, ಒಪ್ತೀನಿ. ಹೆಣ್ಣಿನ ಗುಲಾಮಗಿರಿ ಬಗೆಗಿನ ಹಾಡಿನ ಶೀರ್ಷಿಕೆಯಲ್ಲೇ ಕಪ್ಪು ಜನರನ್ನು ಹೀಯಾಳಿಸುವ ಪದವಿತ್ತು, ಬಹುತೇಕ ರೇಡಿಯೋಗಳು ಅದನ್ನು ಹಾಕಲಿಲ್ಲ. ಆದರೂ ಸುದ್ದಿ ಆರುವ ಮೊದಲೇ ಹಾಡಬೇಕು ಅನ್ನೋ ಆ ಅವಸರವೇ ನನಗೆ ಹಿಡಿಸಿದ್ದು.

‘ಜಾನ್ ಸಿಂಕ್ಲೇರ್’ ಹಾಡನ್ನೇ ತಗೊಳ್ಳಿ. ಎರಡು ಗಾಂಜಾ ಸಿಗರೇಟಿಗೆ ಹತ್ತು ವರ್ಷ ಜೈಲು ಶಿಕ್ಷೆಯಾಗಿದ್ದ ಹೋರಾಟಗಾರ ಸಿಂಕ್ಲೇರ್. 1971ರ ಡಿಸೆಂಬರ್ 10ರಂದು ಆನ್ ಆರ್ಬರ್‌ನ ಸಭೆಯಲ್ಲಿ ಲೆನನ್ ಅವನಿಗಾಗಿ ಹಾಡಿದ. ಮೂರೇ ದಿನಕ್ಕೆ ಬಿಡುಗಡೆ. ಹಾಡಿನಿಂದಲೇ ಆಯ್ತು ಅಂತಲ್ಲ, ಮಿಶಿಗನ್ ರಾಜ್ಯ ಆಗಷ್ಟೇ ಕಾನೂನು ಸಡಿಲಿಸಿತ್ತು. ಆದರೆ ಆ ಸಭೆಯಲ್ಲಿ ಎಫ್‌ಬಿಐ ಮಾಹಿತಿದಾರರೂ ಕೂತಿದ್ದರು, ಹಾಡಿನ ಸಾಲುಗಳೂ ಫೈಲು ಸೇರಿದವು.

ಭಯಕ್ಕೆ ಕಾರಣವಿತ್ತು. 18 ತುಂಬಿದವರು ಅಧ್ಯಕ್ಷೀಯ ಚುನಾವಣೆಯಲ್ಲಿ ಮೊದಲ ಸಲ ಮತ ಹಾಕಲಿದ್ದ ವರ್ಷ 1972. ಲೆನನ್ ಯುವಜನರನ್ನು ನಿಕ್ಸನ್ ವಿರುದ್ಧ ಎಬ್ಬಿಸ್ತಾನೆ ಅಂತ ಸೆನೆಟರ್ ಸ್ಟ್ರೋಮ್ ಥರ್ಮಂಡ್ ಫೆಬ್ರವರಿಯಲ್ಲೇ ಸರ್ಕಾರಕ್ಕೆ ಬರೆದಿದ್ದ. ಲಂಡನ್ನಿನ ಹಳೇ ಗಾಂಜಾ ಕೇಸನ್ನು ನೆಪ ಮಾಡಿ ಗಡಿಪಾರಿನ ಪ್ರಕ್ರಿಯೆ ಶುರುವಾಯ್ತು. ಆಲ್ಬಂ ಹೊರಬಂದದ್ದು ಆ ಕತ್ತಿಯ ಕೆಳಗೇ. ಆಗಸ್ಟ್‌ನಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ವಿಲ್ಲೋಬ್ರೂಕ್ ಸಂಸ್ಥೆಯ ಬುದ್ಧಿಮಾಂದ್ಯ ಮಕ್ಕಳಿಗಾಗಿ ಹಾಡಿದ್ದೇ ಅವನ ಕೊನೆಯ ಪೂರ್ಣ ಕಛೇರಿ. ನಿಕ್ಸನ್ ಗೆದ್ದ, ಲೆನನ್ ಮೆತ್ತಗಾದ. ಗ್ರೀನ್ ಕಾರ್ಡ್ ಸಿಕ್ಕಿದ್ದು 1976ರಲ್ಲಿ.

1980ರ ಡಿಸೆಂಬರ್ 8ರಂದು ಮನೆಯ ಮುಂದೆಯೇ ಅವನನ್ನು ಗುಂಡಿಟ್ಟು ಕೊಂದರು. ಇತಿಹಾಸಕಾರ ಜಾನ್ ವೀನರ್ ಕೋರ್ಟಿಗೆ ಹೋಗಿ ಆ ಫೈಲುಗಳನ್ನು ಒಂದೊಂದಾಗಿ ಹೊರಗೆಳೆದರು. ದೇಶದ ಭದ್ರತೆಯ ಹೆಸರಲ್ಲಿ ಮುಚ್ಚಿಟ್ಟಿದ್ದ ಕೊನೆಯ ಹತ್ತು ದಾಖಲೆ ಸಿಕ್ಕಿದ್ದು 2006ರಲ್ಲಿ. ಅದರಲ್ಲಿ ಇದ್ದದ್ದು ಲಂಡನ್ನಿನ ಎಡಪಂಥೀಯರ ಜೊತೆ ಅವನ ಒಡನಾಟದ ಸುದ್ದಿ.