ಮಹಾಮಾತೆ ಚಟ್ಟಲದೇವಿ

ಹೊಂಬುಜ ಕ್ಷೇತ್ರಕ್ಕೆ ಯಾತ್ರೆ ಹೋಗುವ ಶ್ರಾವಕ ಶ್ರಾವಿಕೆಯರು ಸಾಮಾನ್ಯವಾಗಿ ಪಾರ್ಶ್ವನಾಥ ಸ್ವಾಮಿಯ ದರ್ಶನ ಪಡೆದು, ಪದ್ಮಾವತಿ ಅಮ್ಮನವರಿಗೆ ಉಡಿ ತುಂಬಿಸಿ, ಲಕ್ಕಿಯ ಮರಕ್ಕೆ ಕೈಮುಗಿದು, ಮಠದಲ್ಲಿ ಪ್ರಸಾದ ಸ್ವೀಕರಿಸಿ ಮರಳುವುದು ವಾಡಿಕೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯಿಂದ ಹೋದವರಿಗಂತೂ ಕತ್ತಲಾಗುವುದರೊಳಗೆ ಘಟ್ಟದ ತಿರುವುಗಳನ್ನು ದಾಟುವ ಆತುರ. ಆದುದರಿಂದ ಅದೇ ಊರಿನ ಪಂಚಕೂಟ ಬಸದಿಯನ್ನು ನೋಡದೆ ಬರುವವರೇ ಹೆಚ್ಚು. ಎದುರಿಗೆ ಉನ್ನತವಾದ ಮಾನಸ್ತಂಭ, ಒಳಗೆ ಒಂದರ ಪಕ್ಕದಲ್ಲೊಂದು ಐದು ಗರ್ಭಗೃಹಗಳು. ಶಾಸನಗಳು ಇದನ್ನು ಉರ್ವೀತಿಲಕ, ಅಂದರೆ ಭೂಮಿಯ ತಿಲಕ, ಎಂದು ಕರೆದಿವೆ. ಇದನ್ನು ಕಟ್ಟಿಸಿದವಳು ಗಂಡನನ್ನೂ ಮಗನನ್ನೂ ಕಳೆದುಕೊಂಡಿದ್ದ ಒಬ್ಬ ತಾಯಿ. ಆಕೆಯ ಹೆಸರು ಚಟ್ಟಲದೇವಿ.

ಆಕೆಯ ಕಥೆಯನ್ನು ತಿಳಿಯುವ ಮೊದಲು ಸಾಂತರರ ನಾಡಿನ ಪರಿಚಯ ಅಗತ್ಯ. ಉತ್ತರ ಮಧುರೆಯಿಂದ ಪದ್ಮಾವತಿ ದೇವಿಯ ವಿಗ್ರಹದೊಡನೆ ಬಂದ ಜಿನದತ್ತರಾಯನು ಲಕ್ಕಿಯ ಗಿಡದ ನೆರಳಿನಲ್ಲಿ ತಂಗಿ, ಅಲ್ಲಿಯೇ ರಾಜ್ಯ ಸ್ಥಾಪಿಸಿದನೆಂಬುದು ನಮ್ಮ ಮನೆಮನೆಗಳಲ್ಲಿ ಮಕ್ಕಳಿಗೂ ಗೊತ್ತಿರುವ ಐತಿಹ್ಯ. ಪೊಂಬುರ್ಚ ಅವರ ರಾಜಧಾನಿ, ಸಾಂತಳಿಗೆ ಸಾಸಿರ ಅವರ ನಾಡು. ಮುಂದೆ ಈ ವಂಶದ ಒಂದು ಶಾಖೆ ದಕ್ಷಿಣಕ್ಕೆ ಸರಿದು ಭದ್ರೆಯ ತೀರದ ಕಳಸದಲ್ಲಿಯೂ, ಅಲ್ಲಿಂದ ಘಟ್ಟದ ಕೆಳಗೆ ಕಾರ್ಕಳದಲ್ಲಿಯೂ ನೆಲೆಯೂರಿತು. ಕಳಸದಲ್ಲಿ ಹದಿಮೂರನೆಯ ಶತಮಾನದಲ್ಲಿ ಜಾಕಲದೇವಿ, ಕಾಳಲದೇವಿಯರೆಂಬ ರಾಣಿಯರೇ ಆಳಿದರು. 1432ರಲ್ಲಿ ಕಾರ್ಕಳದ ಬಾಹುಬಲಿ ಸ್ವಾಮಿಯನ್ನು ನಿಲ್ಲಿಸಿದ ವೀರಪಾಂಡ್ಯ ಭೈರರಸನೂ, 1586ರಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದ ಇಮ್ಮಡಿ ಭೈರರಸನೂ ಜಿನದತ್ತನ ವಂಶದವರೆಂದೇ ಹೇಳಿಕೊಂಡವರು. ಕಳಸ ಸೀಮೆಯ ಜೈನರಿಗೆ ಹೊಂಬುಜವು ಬರಿಯ ಯಾತ್ರಾಸ್ಥಳವಲ್ಲ, ಹಿರಿಯರ ಮೂಲಮನೆ.

ಹನ್ನೊಂದನೆಯ ಶತಮಾನದ ಆ ಕಾಲದಲ್ಲಿ ಈ ಬೆಟ್ಟಗಳಲ್ಲಿ ಕಾಫಿಯ ಹೆಸರೇ ಇರಲಿಲ್ಲ. ಅಡಿಕೆ, ಮೆಣಸು, ಏಲಕ್ಕಿಗಳೇ ನಾಡಿನ ಸಂಪತ್ತು. ಆ ಸಂಪತ್ತು ಬಸದಿಗಳ ರೂಪದಲ್ಲಿ ನಿಂತಿತು. 1062ರಲ್ಲಿ ವೀರಸಾಂತರನು ಆಳುತ್ತಿದ್ದಾಗ ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿಯೆಂಬ ವ್ಯಾಪಾರಿಯು ಹೊಂಬುಜದಲ್ಲಿ ತನ್ನ ಹೆಸರಿನ ಜಿನಾಲಯವನ್ನು ಕಟ್ಟಿಸಿದನು. ಅಷ್ಟಕ್ಕೆ ತೃಪ್ತನಾಗದೆ ಕೆರೆಗಳನ್ನೂ ಕಟ್ಟಿಸಿದನು. ಅದೇ 1062ರಲ್ಲಿ ಇತ್ತ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಅಂದಿನ ಸೊಸೆವೂರಿನಲ್ಲಿ, ಹೊಯ್ಸಳ ವಿನಯಾದಿತ್ಯನ ಗುರುಗಳಾದ ಶಾಂತಿದೇವ ಮುನಿಗಳು ಸಮಾಧಿಯನ್ನು ಹೊಂದಿದರು. ಊರವರು ಅವರಿಗೆ ನಿಷಿಧಿಯನ್ನು ನಿಲ್ಲಿಸಿದರು. ಅರಸನೂ ಸೆಟ್ಟಿಯೂ ಊರವರೂ ಧರ್ಮಕಾರ್ಯದಲ್ಲಿ ಸಮಭಾಗಿಗಳಾಗಿದ್ದ ಕಾಲವದು. ಅರಮನೆಯವರು ಕಟ್ಟಿಸಿದ್ದನ್ನು ಮಾತ್ರ ಎಣಿಸಿ, ಅಂಗಡಿ ಬೀದಿಯವರು ಕಟ್ಟಿಸಿದ್ದನ್ನು ಮರೆಯುವುದು ಇತಿಹಾಸ ಬರೆಯುವವರ ಒಂದು ದೌರ್ಬಲ್ಯ.

ಚಟ್ಟಲದೇವಿಯು ಗಂಗರ ಮನೆಯ ಮಗಳು. ಚಾವುಂಡರಾಯನಂತಹ ಮಂತ್ರಿಯನ್ನೂ, ಬೆಳಗೊಳದ ಗೊಮ್ಮಟೇಶ್ವರನನ್ನೂ ಕೊಟ್ಟ ಗಂಗವಂಶದ ಕೊನೆಯ ಪ್ರಮುಖರಲ್ಲೊಬ್ಬನಾದ ರಕ್ಕಸಗಂಗನ ಕುಲದ ಕುಡಿ. ಪಲ್ಲವ ಕುಲದ ಕಾಡುವೆಟ್ಟಿಗೆ ಆಕೆಯನ್ನು ಕೊಟ್ಟು ವಿವಾಹವಾಯಿತು. ಆಕೆಯ ತಂಗಿಯು ಹೊಂಬುಜದ ವೀರಸಾಂತರನ ಅರಸಿಯಾಗಿ ಮಲೆನಾಡಿಗೆ ಬಂದಳು. ಅಕ್ಕನೂ ತಂಗಿಯೂ ತಲಾ ಒಂದೊಂದು ಅರಮನೆಯನ್ನು ಬೆಳಗಿಸುವರೆಂಬುದು ಹಿರಿಯರ ಎಣಿಕೆಯಾಗಿದ್ದಿರಬೇಕು. ಕರ್ಮವಿಪಾಕವು ಬೇರೆಯಾಗಿತ್ತು. ಕಾಡುವೆಟ್ಟಿಯು ತೀರಿಕೊಂಡನು. ಮಗನೂ ಉಳಿಯಲಿಲ್ಲ. ಪತ್ನಿಯಾಗಿ, ತಾಯಿಯಾಗಿ ಆಕೆಗಿದ್ದ ಎರಡು ಆಸರೆಗಳೂ ತಪ್ಪಿದವು.

ಗಂಡ ಸತ್ತ ಹೆಣ್ಣಿಗೆ ಮಗುವಿನ ಮುಖ ನೋಡಿ ಬದುಕು ಎಂದು ಸಮಾಧಾನ ಹೇಳುವುದು ಲೋಕದ ರೂಢಿ. ಮಗುವೂ ಇಲ್ಲವಾದಾಗ ಹೇಳುವ ಮಾತು ಯಾರಲ್ಲಿಯೂ ಇರುವುದಿಲ್ಲ. ಅಂದಿನ ಕಾಲದಲ್ಲಿ ಅಂತಹ ರಾಜಸ್ತ್ರೀಯ ಎದುರಿಗೆ ಇದ್ದ ದಾರಿಗಳು ಕೆಲವೇ. ಆಕೆಗೆ ಕೆಲವು ದಶಕಗಳ ಹಿಂದೆ, ಚಾಲುಕ್ಯರ ದಂಡನಾಯಕ ನಾಗದೇವನು ಮಡಿದಾಗ ಅವನ ಇಬ್ಬರು ಪತ್ನಿಯರಲ್ಲಿ ಕಿರಿಯಳಾದ ಗುಂಡಮಬ್ಬೆಯು ಚಿತೆಯೇರಿದಳು. ಹಿರಿಯಳಾದ ಅತ್ತಿಮಬ್ಬೆಯು ಮಗ ಅಣ್ಣಿಗದೇವನಿಗಾಗಿ ಉಳಿದು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿ, ರನ್ನನಿಂದ ಅಜಿತಪುರಾಣವನ್ನು ಬರೆಯಿಸಿ, 1007ರಲ್ಲಿ ಲಕ್ಕುಂಡಿಯ ಬಸದಿಯನ್ನು ಕಟ್ಟಿಸಿ ದಾನಚಿಂತಾಮಣಿಯಾದಳು. ಚಟ್ಟಲದೇವಿಯ ನಂತರದ ತಲೆಮಾರಿನಲ್ಲಿ ಹೊಯ್ಸಳ ರಾಣಿ ಶಾಂತಲೆಯು ಶಿವಗಂಗೆಯಲ್ಲಿ 1131ರಲ್ಲಿ ದೇಹವಿಟ್ಟಾಗ, ಆಕೆಯ ತಾಯಿ ಮಾಚಿಕಬ್ಬೆಯು ಬೆಳಗೊಳಕ್ಕೆ ಹೋಗಿ ಒಂದು ತಿಂಗಳು ಅನಶನವ್ರತವನ್ನಾಚರಿಸಿ ಸಲ್ಲೇಖನ ವಿಧಿಯಿಂದ ದೇಹತ್ಯಾಗ ಮಾಡಿದಳು. ಮಾಚಿಕಬ್ಬೆಯ ವ್ರತಕ್ಕೆ ನಮ್ಮ ತಲೆ ಬಾಗುತ್ತದೆ. ಚಿತೆಯೇರುವುದಾದರೋ ಜಿನಧರ್ಮದ ಮಾರ್ಗವಲ್ಲ. ಗುಂಡಮಬ್ಬೆಯ ಮೇಲೆ ಎಷ್ಟು ಕನಿಕರವಿದ್ದರೂ ಇದನ್ನು ಮುಚ್ಚಿಡಬಾರದು. ಅತ್ತಿಮಬ್ಬೆಗೆ ಮಗನಿದ್ದನು. ಚಟ್ಟಲದೇವಿಗೆ ಅದೂ ಇರಲಿಲ್ಲ.

ಪ್ರಿಯರಾದವರ ಅಗಲಿಕೆಯಿಂದ ಹುಟ್ಟುವ ಎಡೆಬಿಡದ ಚಿಂತೆಯನ್ನು ನಮ್ಮ ಆಚಾರ್ಯರು ಇಷ್ಟವಿಯೋಗವೆಂಬ ಆರ್ತಧ್ಯಾನವೆಂದು ಹೇಳಿ, ಅದು ತಿರ್ಯಂಚಗತಿಗೆ ಕಾರಣವೆಂದು ಎಚ್ಚರಿಸಿದ್ದಾರೆ. ಇದನ್ನೇ ಹಿಡಿದು, ದುಃಖದಲ್ಲಿರುವವರ ಮುಂದೆ ಅಳಬಾರದೆಂದು ಉಪದೇಶ ಮಾಡುವವರುಂಟು. ಆದರೆ ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಈ ಧ್ಯಾನವು ಅವಿರತರಿಗೂ, ದೇಶವಿರತರಿಗೂ ಮಾತ್ರವಲ್ಲದೆ ಪ್ರಮತ್ತಸಂಯತರಾದ ಮುನಿಗಳಿಗೂ ಉಂಟಾಗುವುದೆಂದು ಹೇಳಿರುವುದನ್ನು ಅಂಥವರು ಮರೆಯುತ್ತಾರೆ. ಪಿಂಛಿ ಕಮಂಡಲು ಹಿಡಿದವರನ್ನೂ ಬಿಡದ ಶೋಕವು ಮಗನನ್ನು ಕಳೆದುಕೊಂಡ ತಾಯಿಯನ್ನು ಬಿಟ್ಟೀತೆ? ಶಾಸ್ತ್ರವು ಶೋಕವನ್ನು ಅಪರಾಧವೆನ್ನಲಿಲ್ಲ. ಅದರಲ್ಲಿಯೇ ನೆಲೆಸಿಬಿಡುವುದು ಆತ್ಮಕ್ಕೆ ಹಾನಿಯೆಂದಿತು. ಅದರಿಂದ ಹೊರಬರಲು ಗೃಹಸ್ಥರಿಗೆ ದಾನ, ಪೂಜೆ, ಸ್ವಾಧ್ಯಾಯಗಳ ದಾರಿಯನ್ನೂ ತೋರಿಸಿತು.

ಚಟ್ಟಲದೇವಿಯು ಹಿಡಿದ ದಾರಿಯು ಮಕ್ಕಳಿಂದಲೇ ಆರಂಭವಾಯಿತು. ತಂಗಿಗೆ ತೈಲ, ಗೊಗ್ಗಿಗ, ಒಡ್ಡುಗ, ಬರ್ಮ ಎಂಬ ನಾಲ್ವರು ಗಂಡುಮಕ್ಕಳು. ಆಕೆ ಈ ನಾಲ್ವರನ್ನೂ ತನ್ನ ಹೊಟ್ಟೆಯಲ್ಲಿ ಹುಟ್ಟಿದವರೆಂದೇ ಭಾವಿಸಿದಳು. ಅವರೂ ದೊಡ್ಡಮ್ಮನನ್ನು ಹೆತ್ತ ತಾಯಿಯೆಂದೇ ಕಂಡರು. ತನ್ನ ಮಗುವನ್ನು ಮಣ್ಣಿಗೆ ಕೊಟ್ಟವಳು ಇನ್ನೊಬ್ಬಳ ಮಗುವಿನ ತಲೆ ನೇವರಿಸುವುದು ಎಷ್ಟು ಕಷ್ಟವೆಂಬುದನ್ನು ಅನುಭವಿಸಿದವರೇ ಬಲ್ಲರು. ಹೋದ ಮಗನ ವಯಸ್ಸನ್ನು ಈ ಮಕ್ಕಳ ಬೆಳವಣಿಗೆಯಲ್ಲಿ ಮನಸ್ಸು ಲೆಕ್ಕ ಹಾಕುತ್ತಲೇ ಇರುತ್ತದೆ. ಆಕೆ ಅದನ್ನು ಒಂದು ಬಾರಿಯಲ್ಲ, ನಾಲ್ಕು ಬಾರಿ ಸಹಿಸಿದಳು.

ಆ ನಾಲ್ವರಲ್ಲಿ ಹಿರಿಯನಾದ ತೈಲನು ಭುಜಬಲ ಸಾಂತರನೆಂದು ಪ್ರಸಿದ್ಧನಾಗಿ ಪಟ್ಟವೇರಿದನು. ಹೊಂಬುಜದಲ್ಲಿ ತನ್ನ ಹೆಸರಿನ ಜಿನಾಲಯವನ್ನು ಕಟ್ಟಿಸಿ, ಗುರುಗಳಾದ ಕನಕನಂದಿ ದೇವರಿಗೆ ದತ್ತಿ ಕೊಟ್ಟನು. ಅವನ ನಂತರ ಗೊಗ್ಗಿಗನು ನನ್ನಿ ಸಾಂತರನೆಂಬ ಹೆಸರಿನಿಂದಲೂ, ಬಳಿಕ ಒಡ್ಡುಗನು ವಿಕ್ರಮ ಸಾಂತರನೆಂಬ ಹೆಸರಿನಿಂದಲೂ ಆಳಿದರು. ಒಂದೇ ತಾಯಿಯ ಮಕ್ಕಳು ಒಬ್ಬರ ನಂತರ ಒಬ್ಬರು ಪಟ್ಟಕ್ಕೆ ಬಂದರೆಂಬುದು ಓದಲು ಸಲೀಸು. ಅದೇ ಕಾಲದಲ್ಲಿ ಇವರ ಸಾರ್ವಭೌಮರ ಮನೆಯಲ್ಲಿ ಏನಾಯಿತೆಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. 1076ರಲ್ಲಿ ಕಲ್ಯಾಣದ ಚಾಲುಕ್ಯ ಸಿಂಹಾಸನವನ್ನು ಆರನೆಯ ವಿಕ್ರಮಾದಿತ್ಯನು ಸ್ವಂತ ಅಣ್ಣನಾದ ಎರಡನೆಯ ಸೋಮೇಶ್ವರನನ್ನು ಸೋಲಿಸಿ ಕಸಿದುಕೊಂಡನು. ಚಕ್ರವರ್ತಿಗಳ ಮನೆಯಲ್ಲಿ ಅಣ್ಣತಮ್ಮಂದಿರು ಯುದ್ಧ ಮಾಡಿದ ಮರುವರ್ಷವೇ, ಸಾಮಂತರ ಮನೆಯಲ್ಲಿ ಅಣ್ಣತಮ್ಮಂದಿರು ದೊಡ್ಡಮ್ಮನೊಡನೆ ಸೇರಿ ಬಸದಿ ಕಟ್ಟಿದರು.

ಅದೇ ಉರ್ವೀತಿಲಕ. ಶಕವರ್ಷ 999, ಪಿಂಗಳ ಸಂವತ್ಸರ, ಅಂದರೆ ಕ್ರಿಸ್ತಶಕ 1077. ನನ್ನಿ ಸಾಂತರನೂ ತಮ್ಮಂದಿರಾದ ಒಡ್ಡುಗ, ಬರ್ಮರೂ ಜೊತೆಯಲ್ಲಿದ್ದರು. ನಂದಿಗಣದ ಅರುಂಗಳಾನ್ವಯದ ಶ್ರೀವಿಜಯ ಪಂಡಿತರು, ಒಡೆಯದೇವರೆಂದು ಹೆಸರಾಗಿದ್ದವರು, ಆಕೆಯ ಗುರುಗಳು. ರಕ್ಕಸಗಂಗನಿಗೂ ಅವರೇ ಗುರುಗಳು. ತವರಿನ ಗುರುಗಳ ಆಶ್ರಯವು ತಂಗಿಯ ಮನೆಯಲ್ಲಿಯೂ ಆಕೆಗೆ ತಪ್ಪಲಿಲ್ಲ. ಈ ಬಸದಿಯನ್ನು ಆಕೆ ಕಟ್ಟಿಸಿದ್ದು ವಿಜಯದ ಸ್ಮಾರಕವಾಗಿ ಅಲ್ಲ. ಅಗಲಿದ ತನ್ನವರ ಪರೋಕ್ಷವಿನಯಕ್ಕಾಗಿ, ಎಂದರೆ ಕಣ್ಮರೆಯಾದವರಿಗೆ ಸಲ್ಲಿಸುವ ಗೌರವವಾಗಿ. ಅರುಮುಳಿದೇವ, ಗಾವಬ್ಬರಸಿ ಮೊದಲಾದ ಬಂಧುಗಳ ಹೆಸರುಗಳು ಅಲ್ಲಿ ಸೇರಿವೆ.

ನಮ್ಮ ಧರ್ಮದಲ್ಲಿ ಸತ್ತವರಿಗೆ ಪಿಂಡವಿಡುವ ವಿಧಿಯಿಲ್ಲ. ಜೀವನು ತನ್ನ ಕರ್ಮಾನುಸಾರ ಆಗಲೇ ಗತ್ಯಂತರವನ್ನು ಹೊಂದಿರುತ್ತಾನೆ. ಇಲ್ಲಿ ಕೊಟ್ಟದ್ದು ಅಲ್ಲಿಗೆ ಮುಟ್ಟುವುದಿಲ್ಲ. ಹಾಗಿದ್ದ ಮೇಲೆ ಪರೋಕ್ಷವಿನಯದಿಂದ ಯಾರಿಗೆ ಪ್ರಯೋಜನವೆಂದು ಕೇಳಬಹುದು. ಉಳಿದವರಿಗೆ. ಅಗಲಿದವರ ಹೆಸರನ್ನು ಮನೆಯ ಮೂಲೆಯಲ್ಲಿ ನಿಟ್ಟುಸಿರಿನೊಡನೆ ಹೇಳುವ ಬದಲು, ದಿನನಿತ್ಯ ಅಭಿಷೇಕ ಪೂಜೆಗಳು ನಡೆಯುವ ಸ್ಥಳದಲ್ಲಿ ಹೇಳುವಂತೆ ಮಾಡುವುದು ಅದರ ಉದ್ದೇಶ. ಆ ಹೆಸರಿನ ನೆಪದಲ್ಲಿ ಮುನಿಗಳಿಗೆ ಆಹಾರ ಸಲ್ಲುತ್ತದೆ, ಪೂಜೆ ನಡೆಯುತ್ತದೆ, ಬಸದಿಯಲ್ಲಿ ಒಡೆದದ್ದು ಬಿರಿದದ್ದು ರಿಪೇರಿಯಾಗುತ್ತದೆ. ದತ್ತಿ ಬಿಡುವಾಗಲೇ ಮುಂದಿನ ಜೀರ್ಣೋದ್ಧಾರದ ವೆಚ್ಚವನ್ನೂ ಯೋಚಿಸಿ ಭೂಮಿ ಬಿಡುತ್ತಿದ್ದ ಅಂದಿನವರ ಮುಂದಾಲೋಚನೆ ಇಂದಿನ ಜೀರ್ಣೋದ್ಧಾರ ಸಮಿತಿಗಳೂ ಗಮನಿಸತಕ್ಕದ್ದು. ಕಟ್ಟುವ ಉತ್ಸಾಹದಲ್ಲಿ ಹಣವೆಲ್ಲ ಗೋಪುರಕ್ಕೇ ಮುಗಿದು, ಹತ್ತು ಮಳೆಗಾಲದಲ್ಲಿ ಸೋರುವ ಮಾಡಿನ ಕೆಳಗೆ ಅರ್ಚಕರು ಕೊಡೆ ಹಿಡಿದು ಪೂಜೆ ಮಾಡುವ ಸ್ಥಿತಿ ಮಲೆನಾಡಿನಲ್ಲಿ ಅಪರೂಪವಲ್ಲ. ಪಂಚಬಸದಿಗೆ ಆ ಗತಿ ಬರಲಿಲ್ಲ. 1087ರಲ್ಲಿ ವಿಕ್ರಮ ಸಾಂತರನು ಅದಕ್ಕೆ ಮತ್ತೆ ದತ್ತಿಗಳನ್ನು ಕೊಟ್ಟನು.

ಚಟ್ಟಲದೇವಿಯ ಕೈ ಬಸದಿಗೆ ಮಾತ್ರ ಸೀಮಿತವಾಗಲಿಲ್ಲ. ಕೆರೆ, ಬಾವಿ, ಸತ್ರ, ತೋಪುಗಳನ್ನು ಮಾಡಿಸಿದ ಕೀರ್ತಿಯೂ ಆಕೆಯದು. ಮಲೆನಾಡಿನಲ್ಲಿ ಮಳೆಗೇನು ಕೊರತೆ, ಅಲ್ಲಿ ಕೆರೆ ಏಕೆ ಬೇಕೆಂದು ಬಯಲುಸೀಮೆಯವರು ಕೇಳುವುದುಂಟು. ಆರಿದ್ರೆಯಿಂದ ಮಘೆಯವರೆಗೆ ಸುರಿದ ನೀರು ಇಳಿಜಾರು ಹಿಡಿದು ಹೊಳೆ ಸೇರಿಬಿಡುತ್ತದೆ. ಮಾಘ ಫಾಲ್ಗುಣದ ಹೊತ್ತಿಗೆ ಹಳ್ಳಗಳು ಬತ್ತಿ, ಅಡಿಕೆ ತೋಟದ ಬುಡ ಒಣಗಿ, ಹಿಂಗಾರು ಗದ್ದೆ ಬಿರುಕು ಬಿಡುತ್ತದೆ. ಮಳೆ ಹೆಚ್ಚಾದ ಸೀಮೆಯಲ್ಲಿಯೇ ನೀರನ್ನು ತಡೆದು ನಿಲ್ಲಿಸುವ ಕೆಲಸ ಹೆಚ್ಚು. ಘಟ್ಟವನ್ನು ಹತ್ತಿ ಇಳಿಯುವ ಹೇರೆತ್ತುಗಳಿಗೂ ಹೊರೆಯವರಿಗೂ ಸತ್ರದ ಒಂದು ರಾತ್ರಿಯ ಆಸರೆ ಎಂತಹುದೆಂಬುದನ್ನು ವ್ಯಾಪಾರದ ಮನೆತನಗಳಿಗೆ ವಿವರಿಸಬೇಕಾಗಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳನ್ನು ಪುಸ್ತಕದಲ್ಲಿ ಓದಿ ಒಪ್ಪಿಕೊಳ್ಳುವವರು ಅನೇಕರು. ಆಕೆ ಅವನ್ನು ನಾಡಿನ ದಾರಿಗಳ ಮೇಲೆ ನಡೆಸಿದಳು. ನಾಲ್ವರಿಗೆ ತಾಯಿಯಾದವಳು ಈ ಬಗೆಯಲ್ಲಿ ಹೆಸರು ತಿಳಿಯದ ಎಷ್ಟೋ ಜನರಿಗೂ ತಾಯಿಯಾದಳು.

ಆಕೆಯ ಕೊನೆಯ ವರ್ಷಗಳಲ್ಲಿ ಹೊಂಬುಜದ ಮನೆತನಕ್ಕೆ ಪೂಜ್ಯರಾಗಿದ್ದವರು ದ್ರವಿಳ ಸಂಘದ ಅಜಿತಸೇನ ಪಂಡಿತದೇವರು. ವಾದಿಘರಟ್ಟ, ಎಂದರೆ ಪ್ರತಿವಾದಿಗಳನ್ನು ಅರೆಯುವ ಬೀಸುವಕಲ್ಲು, ಎಂಬುದು ಅವರ ಬಿರುದು. ಕ್ಷತ್ರಚೂಡಾಮಣಿ, ಗದ್ಯಚಿಂತಾಮಣಿಗಳನ್ನು ರಚಿಸಿದ ವಾದೀಭಸಿಂಹರು ಇವರೇ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಆ ಎರಡು ಕೃತಿಗಳ ಕಥೆಯೂ ಜೀವಂಧರ ಸ್ವಾಮಿಯದು. ಗಂಡನಾದ ಸತ್ಯಂಧರ ಮಹಾರಾಜನು ದ್ರೋಹಿಯಾದ ಮಂತ್ರಿಯಿಂದ ಹತನಾದ ದಿನವೇ ವಿಜಯಾ ಮಹಾದೇವಿಯು ಸ್ಮಶಾನದಲ್ಲಿ ಗಂಡುಮಗುವನ್ನು ಹೆರುತ್ತಾಳೆ. ತನ್ನ ಸತ್ತ ಮಗುವನ್ನು ಅಲ್ಲಿಗೆ ತಂದ ಗಂಧೋತ್ಕಟನೆಂಬ ಸೆಟ್ಟಿಯು ಆ ಕೂಸನ್ನು ಎತ್ತಿಕೊಂಡು ಹೋಗಿ ತನ್ನ ಮಗನೆಂದೇ ಸಾಕುತ್ತಾನೆ. ಗಂಡನನ್ನು ಕಳೆದುಕೊಂಡ ತಾಯಿ, ಮಗುವನ್ನು ಕಳೆದುಕೊಂಡ ತಂದೆ, ಇಬ್ಬರನ್ನೂ ಬದುಕಿಸುವುದು ಒಂದೇ ಶಿಶು. ತಂಗಿಯ ಮಕ್ಕಳನ್ನು ತನ್ನವರೆಂದು ಅಪ್ಪಿಕೊಂಡ ಅರಸಿಗೆ ಈ ಕಥೆಯ ಅರ್ಥವನ್ನು ಬೇರೆಯವರು ಬಿಡಿಸಿ ಹೇಳಬೇಕಾಗಿರಲಿಲ್ಲ.

ಪಂಚಬಸದಿಯಾಗಿ ಇಪ್ಪತ್ತಾರು ವರ್ಷಗಳ ಮೇಲೆ, 1103ರಲ್ಲಿ, ಚಟ್ಟಲದೇವಿಯ ಹೆಸರು ಮತ್ತೊಮ್ಮೆ ಕಾಣಿಸಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಆಕೆ ವೃದ್ಧೆ. ಗತಿಸಿದ ಬೀರಬ್ಬರಸಿಯ ಪರೋಕ್ಷವಿನಯಕ್ಕಾಗಿ ಪಂಚಬಸದಿಯ ಎದುರಿನಲ್ಲಿ ಇನ್ನೊಂದು ಕಲ್ಲಿನ ಬಸದಿಯನ್ನು ಎತ್ತಿಸಲು ಸಂಕಲ್ಪವಾಯಿತು. ಗುರು ಅಜಿತಸೇನ ಪಂಡಿತದೇವರ ಹೆಸರಿನಲ್ಲಿ, ತ್ರಿಭುವನಮಲ್ಲ ಸಾಂತರನೊಡನೆ ನಿಂತು, ಆ ಬಸದಿಗೂ ಆಕೆಯೇ ಅಸ್ತಿವಾರದ ಕಲ್ಲನ್ನು ಇಡಿಸಿದಳು.